ಅಕ್ವೇರಿಯಂ ಮೀನು ಸತ್ತರೆ ಮನೆಯ ಕಂಟಕ ಕಳೆಯುತ್ತದೆಯೇ? ಗಿಡಗಳಿರುವ ಚಿಕ್ಕ ತೊಟ್ಟಿ ಇಡುವ ಮೊದಲು ಓದಿ

ಮನೆಯಲ್ಲಿ ಅಕ್ವೇರಿಯಂ ಇಟ್ಟರೆ ಶುಭ, ಅದರಲ್ಲಿ ಎಂಟು ಚಿನ್ನದ ಬಣ್ಣದ ಮೀನು ಮತ್ತು ಒಂದು ಕಪ್ಪು ಮೀನು ಸೇರಿ ಒಂಬತ್ತು ಇರಬೇಕು, ಒಂದು ಮೀನು ಸತ್ತರೆ ಮನೆಯವರಿಗೆ ಬರಬೇಕಿದ್ದ ಕಂಟಕವನ್ನು ಅದು ತನ್ನ ಮೇಲೆ ಎಳೆದುಕೊಂಡಿದೆ ಎಂದು ತಿಳಿಯಬೇಕು, ಕೂಡಲೇ ಅದೇ ಬಣ್ಣದ ಇನ್ನೊಂದು ಮೀನನ್ನು ತಂದು ಬಿಡಬೇಕು. ಇಂತಹ ಮಾತು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ವಾಸ್ತು ಮತ್ತು ಫೆಂಗ್ ಶೂಯಿ ಎರಡರ ಹೆಸರಿನಲ್ಲೂ ಇದು ಓಡಾಡುತ್ತದೆ.

ಶುಭ-ಅಶುಭದ ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಮೀನು ಏಕೆ ಸತ್ತಿತು ಎಂಬ ಪ್ರಶ್ನೆಗೆ ಉತ್ತರ ನೀರಿನಲ್ಲೇ ಇದೆ. ಅದನ್ನು ಪರೀಕ್ಷಿಸಿ ನೋಡಲೂಬಹುದು. ವಿಚಿತ್ರವೆಂದರೆ ಆ ಸಂದೇಶದಲ್ಲಿ ಹೇಳಿದಂತೆಯೇ ಮಾಡಿದರೆ, ಅಂದರೆ ಎರಡು ಅಡಿಯ ಹೊಸ ತೊಟ್ಟಿಗೆ ಮೊದಲ ದಿನವೇ ಒಂಬತ್ತು ಗೋಲ್ಡ್ ಫಿಶ್ ಬಿಟ್ಟರೆ, ಕೆಲವೇ ವಾರಗಳಲ್ಲಿ ಅವುಗಳಲ್ಲಿ ಹೆಚ್ಚಿನವು ಸಾಯುವ ಸಾಧ್ಯತೆಯೇ ಜಾಸ್ತಿ. ಮೀನನ್ನು ಸಾಯಿಸುವ ವಿಧಾನವೂ, ಸತ್ತದ್ದಕ್ಕೆ ಸಮಾಧಾನವೂ ಒಂದೇ ಫಾರ್ವರ್ಡ್‌ನಲ್ಲಿ ಸಿಗುತ್ತದೆ ಎನ್ನಬೇಕು.

ಹಾಗಾದರೆ ಸಾಯದಂತೆ ಇಡುವುದು ಹೇಗೆ? ನಮ್ಮ ಪ್ರಕಾರ ಹೊಸಬರಿಗೆ ಸುಲಭವಾದ ದಾರಿ ಎಂದರೆ ನಿಜವಾದ ಗಿಡಗಳಿರುವ, ಕಡಿಮೆ ಮೀನುಗಳಿರುವ ಚಿಕ್ಕ ಸಿಹಿನೀರಿನ ತೊಟ್ಟಿ. ಅದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಒಂದೂವರೆ ತಿಂಗಳ ತಾಳ್ಮೆ.

ಹೊಸ ತೊಟ್ಟಿಯಲ್ಲಿ ಮೀನು ಏಕೆ ಸಾಯುತ್ತದೆ?

ಮೀನು ತಿಂದ ಆಹಾರದ ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ನಮ್ಮ ದೇಹ ಅದನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಮೀನಿಗೆ ಅಷ್ಟು ತೊಂದರೆ ಬೇಕಿಲ್ಲ, ಅದು ಕಿವಿರುಗಳ ಮೂಲಕ ಅಮೋನಿಯಾವನ್ನು ನೇರವಾಗಿ ನೀರಿಗೆ ಬಿಡುತ್ತದೆ. ಹೊಳೆಯಲ್ಲೋ ಕೆರೆಯಲ್ಲೋ ಇದ್ದಾಗ ಅದು ಸಾವಿರಾರು ಲೀಟರ್ ನೀರಿನಲ್ಲಿ ಕರಗಿ ಹೋಗುತ್ತದೆ. ಐವತ್ತು ಲೀಟರ್‌ನ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೂ ಹೋಗದೆ ಕೂಡುತ್ತಾ ಬರುತ್ತದೆ. ತಿನ್ನದೆ ಉಳಿದ ಆಹಾರ, ಕೊಳೆತ ಎಲೆ, ಮೀನಿನ ಹಿಕ್ಕೆ ಎಲ್ಲವೂ ಕೊಳೆತು ಇನ್ನಷ್ಟು ಅಮೋನಿಯಾ ಸೇರಿಸುತ್ತವೆ.

ನೀರು ನೋಡಲು ಕನ್ನಡಿಯಂತೆ ತಿಳಿಯಾಗಿರುತ್ತದೆ, ಆದರೆ ಮೀನಿನ ಕಿವಿರು ಸುಡುತ್ತಿರುತ್ತದೆ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಮೂಲೆ ಹಿಡಿಯುವುದು, ಕಿವಿರು ಕೆಂಪಗಾಗುವುದು ಇದರ ಲಕ್ಷಣಗಳು.

ಹಳೆಯ ತೊಟ್ಟಿಯಲ್ಲಿ ಹೀಗೇಕೆ ಆಗುವುದಿಲ್ಲ? ಅಲ್ಲಿ ಕಣ್ಣಿಗೆ ಕಾಣದ ಕೆಲಸಗಾರರು ಇದ್ದಾರೆ. ಫಿಲ್ಟರ್‌ನ ಸ್ಪಾಂಜು, ಜಲ್ಲಿ, ಗಿಡದ ಎಲೆ, ಗಾಜು, ಹೀಗೆ ಎಲ್ಲದರ ಮೇಲೂ ತೆಳ್ಳಗೆ ಲೋಳೆಯಂತೆ ಹಬ್ಬಿರುವ ಸೂಕ್ಷ್ಮಾಣುಗಳಲ್ಲಿ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತ ಸೇರಿದರೆ ಹೀಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ನೀರಿನಲ್ಲಿ ಬೇಕಾದಷ್ಟು ಆಮ್ಲಜನಕ ಇದ್ದರೂ ಮೀನು ಉಸಿರುಕಟ್ಟಿ ಸಾಯುತ್ತದೆ. ಕೊನೆಯಲ್ಲಿ ಉಳಿಯುವ ನೈಟ್ರೇಟ್ ಇವೆರಡಕ್ಕೆ ಹೋಲಿಸಿದರೆ ಸೌಮ್ಯ. ಗಿಡಗಳು ಅದನ್ನು ಗೊಬ್ಬರವಾಗಿ ಹೀರುತ್ತವೆ, ಉಳಿದದ್ದು ನೀರು ಬದಲಿಸುವಾಗ ಹೊರಗೆ ಹೋಗುತ್ತದೆ.

ಈ ಸೂಕ್ಷ್ಮಾಣುಗಳ ಬಗ್ಗೆ ವಿಜ್ಞಾನಿಗಳಿಗೆ ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೂ ಗೊತ್ತು. ಆದರೂ ಅಚ್ಚರಿಗಳು ಮುಗಿದಿಲ್ಲ. ಈ ಎರಡು ಕೆಲಸಗಳನ್ನು ಬೇರೆ ಬೇರೆ ಜೀವಿಗಳೇ ಮಾಡುತ್ತವೆ ಎಂದು ನೂರಕ್ಕೂ ಹೆಚ್ಚು ವರ್ಷ ನಂಬಲಾಗಿತ್ತು. ಎರಡನ್ನೂ ಒಂಟಿಯಾಗಿ ಮಾಡಬಲ್ಲ ನೈಟ್ರೋಸ್ಪೈರಾ ಜಾತಿಯ ಬ್ಯಾಕ್ಟೀರಿಯಾ ಇದೆ ಎಂದು 2015ರಲ್ಲಿ ಎರಡು ಸಂಶೋಧನಾ ತಂಡಗಳು ಪ್ರಕಟಿಸಿದವು. ಅದರಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆ ಘಟಕದ ಫಿಲ್ಟರ್‌ನಲ್ಲಿ!

ಹೊಸ ತೊಟ್ಟಿಯಲ್ಲಿ ಈ ಕೆಲಸಗಾರರು ಇನ್ನೂ ಬಂದಿರುವುದಿಲ್ಲ. ಅವು ನಿಧಾನವಾಗಿ ಬೆಳೆಯುವ ಜೀವಿಗಳು. ಸಾಕಷ್ಟು ಸಂಖ್ಯೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲೇ ಹೊಸ ತೊಟ್ಟಿಯ ಮೀನುಗಳು ಸಾಯುವುದು. ಸಂದೇಶ ಹೇಳುವಂತೆ ಕೂಡಲೇ ಇನ್ನೊಂದು ಮೀನು ತಂದು ಬಿಟ್ಟರೆ ಅದೇ ವಿಷದ ನೀರಿಗೆ ಇನ್ನೊಂದು ಜೀವ ಬಿಟ್ಟಂತೆ, ಅಷ್ಟೇ.

ವಾರಕ್ಕೊಮ್ಮೆ ಪೂರ್ತಿ ತೊಳೆದರೆ ಒಳ್ಳೆಯದಲ್ಲವೇ?

ಅಲ್ಲ. ಬಹಳ ಮನೆಗಳಲ್ಲಿ ನಡೆಯುವುದು ಇದೇ. ಭಾನುವಾರ ಬೆಳಿಗ್ಗೆ ಮೀನನ್ನು ಬಕೆಟ್‌ಗೆ ಹಾಕಿ, ನೀರೆಲ್ಲ ಚೆಲ್ಲಿ, ಜಲ್ಲಿಯನ್ನೂ ಫಿಲ್ಟರನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಹೊಸ ನೀರು ತುಂಬುತ್ತಾರೆ. ನಲ್ಲಿ ನೀರಿನ ಕ್ಲೋರಿನ್ ಇರುವುದೇ ಸೂಕ್ಷ್ಮಾಣುಗಳನ್ನು ಕೊಲ್ಲಲು, ಅದಕ್ಕೆ ಒಳ್ಳೆಯವು ಕೆಟ್ಟವು ಎಂಬ ಭೇದವಿಲ್ಲ. ಹೀಗೆ ತೊಳೆದಾಗಲೆಲ್ಲ ಆರು ವಾರದ ಲೆಕ್ಕ ಮತ್ತೆ ಮೊದಲಿನಿಂದ ಶುರು. ಎಷ್ಟು ಸ್ವಚ್ಛವಾಗಿ ಇಟ್ಟರೂ ಮೀನು ಉಳಿಯುವುದಿಲ್ಲ ಎಂದು ಬೇಸರಪಡುವವರ ಮನೆಯಲ್ಲಿ ಬಹುಪಾಲು ಕಾರಣ ಆ ಸ್ವಚ್ಛತೆಯೇ.

ಸರಿಯಾದ ಕ್ರಮ ಇಷ್ಟು: ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗದಷ್ಟು ನೀರು ತೆಗೆದು, ಕ್ಲೋರಿನ್ ಇಲ್ಲದ, ಹೆಚ್ಚುಕಡಿಮೆ ಅದೇ ಬಿಸಿಯ ನೀರು ಹಾಕಿ. ಫಿಲ್ಟರ್‌ನ ಸ್ಪಾಂಜು ಕಟ್ಟಿಕೊಂಡಾಗ ತೊಟ್ಟಿಯಿಂದಲೇ ತೆಗೆದ ಹಳೆಯ ನೀರಿನಲ್ಲಿ ಹಿಂಡಿ ಮತ್ತೆ ಹಾಕಿ. ಹಾಗೆ ತೆಗೆದ ನೀರನ್ನು ಮೋರಿಗೆ ಚೆಲ್ಲಬೇಡಿ, ಹೂವಿನ ಕುಂಡಗಳಿಗೆ ಅದು ಒಳ್ಳೆಯ ಗೊಬ್ಬರ.

ಹೊಸ ತೊಟ್ಟಿಯ ನೀರು ಮೂರ್ನಾಲ್ಕು ದಿನಕ್ಕೆ ಹಾಲು ಬೆರೆಸಿದಂತೆ ಮಬ್ಬಾಗುವುದುಂಟು. ಅದೂ ಬ್ಯಾಕ್ಟೀರಿಯಾಗಳ ಸಂತೆಯೇ. ಗಾಬರಿಯಾಗಿ ನೀರೆಲ್ಲ ಬದಲಿಸದೆ ಸುಮ್ಮನೆ ಬಿಟ್ಟರೆ ತಾನಾಗಿ ತಿಳಿಯಾಗುತ್ತದೆ.

ಗಿಡಗಳಿಂದ ಏನು ಪ್ರಯೋಜನ?

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿಗೆ ಒಂದು ಪ್ರಯೋಗದ ವಿವರ ಕೊಟ್ಟ. ಗಾಜಿನ ಪಾತ್ರೆಯಲ್ಲಿ ಗೋಲ್ಡ್ ಫಿಶ್, ವ್ಯಾಲಿಸ್ನೇರಿಯಾ ಎಂಬ ಉದ್ದ ಎಲೆಯ ಜಲಸಸ್ಯ, ಕೊಳೆತ ಎಲೆ ತಿನ್ನಲು ಬಸವನಹುಳು ಇವನ್ನು ಒಟ್ಟಿಗೆ ಇಟ್ಟರೆ ನೀರು ಕೆಡದೆ ಉಳಿಯುತ್ತದೆ ಎಂಬುದು ಅವನ ಅನುಭವ. ಮೂರು ವರ್ಷದ ನಂತರ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅಂದರೆ ಅಕ್ವೇರಿಯಂ ಎಂಬ ಹವ್ಯಾಸ ಶುರುವಾದದ್ದೇ ಗಿಡಗಳಿಂದ. ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ನಿಧಿ ಪೆಟ್ಟಿಗೆಯ ಗೊಂಬೆ ಇವೆಲ್ಲ ಆಮೇಲೆ ಬಂದವು.

ಗಿಡಗಳು ಹಗಲಿನಲ್ಲಿ ಆಮ್ಲಜನಕ ಕೊಡುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಹೈಸ್ಕೂಲಿನಲ್ಲಿ ಹೈಡ್ರಿಲ್ಲಾ ಗಿಡದ ಮೇಲೆ ಆಲಿಕೆ ಬೋರಲು ಹಾಕಿ ಗುಳ್ಳೆ ತೋರಿಸಿದ್ದು ನೆನಪಿರಬಹುದು. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಹೆಚ್ಚಿನ ಜಲಸಸ್ಯಗಳು ಅಮೋನಿಯಾವನ್ನೇ ನೇರವಾಗಿ ಹೀರಿ ಬೆಳೆಯುತ್ತವೆ. ಬ್ಯಾಕ್ಟೀರಿಯಾ ಬಂದು ಸೇರುವವರೆಗೆ ವಿಷವನ್ನು ತಗ್ಗಿಸುವವರು ಇವೇ. ಪಾಚಿಗೆ ಸಿಗಬೇಕಾದ ಆಹಾರವನ್ನು ಕಸಿದುಕೊಳ್ಳುವುದರಿಂದ ಗಾಜಿನ ಮೇಲಿನ ಹಸಿರು ಪಾಚಿಯೂ ಕಡಿಮೆಯಾಗುತ್ತದೆ.

ರಾತ್ರಿ ಗಿಡಗಳು ಆಮ್ಲಜನಕ ಎಳೆದುಕೊಂಡು ಮೀನನ್ನು ಸಾಯಿಸುತ್ತವೆ ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಗಿಡಗಳು ರಾತ್ರಿ ಉಸಿರಾಡುವುದು ನಿಜ. ಆದರೆ ಮೀನು ಕಡಿಮೆ ಇದ್ದು ನೀರಿನ ಮೇಲ್ಭಾಗ ಸ್ವಲ್ಪ ಅಲುಗಾಡುತ್ತಿದ್ದರೆ ಗಾಳಿಯಿಂದ ಆಮ್ಲಜನಕ ಬಂದು ಸೇರುತ್ತಲೇ ಇರುತ್ತದೆ. ಕಿಕ್ಕಿರಿದ ತೊಟ್ಟಿ, ನಿಂತ ನೀರು, ಮೇಲೆಲ್ಲ ಮುಚ್ಚಿಕೊಂಡ ತೇಲುವ ಸಸ್ಯ ಇದ್ದಾಗ ಮಾತ್ರ ಬೆಳಗಿನ ಜಾವ ತೊಂದರೆಯಾಗಬಹುದು.

ತೊಟ್ಟಿ ಎಷ್ಟು ದೊಡ್ಡದಿರಲಿ?

ಚಿಕ್ಕದು ಎಂದರೆ ಟೀಪಾಯ್ ಮೇಲಿಡುವ ದುಂಡಗಿನ ಬೌಲ್ ಅಲ್ಲ. ನಾಲ್ಕೈದು ಲೀಟರ್ ನೀರಿನಲ್ಲಿ ಅಮೋನಿಯಾ ಏರಲು ಒಂದು ದಿನ ಸಾಕು, ಬಿಸಿಲು ಬಿದ್ದರೆ ನೀರು ಕಾಯಲು ಒಂದು ಗಂಟೆ ಸಾಕು. ನೀರು ಹೆಚ್ಚಿದ್ದಷ್ಟೂ ಬದಲಾವಣೆ ನಿಧಾನ, ಹೊಸಬರಿಗೆ ತಪ್ಪು ತಿದ್ದಿಕೊಳ್ಳಲು ಸಮಯ ಸಿಗುತ್ತದೆ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಶುರುವಿಗೆ ಅನುಕೂಲ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ: 60×30×30 ಎಂದರೆ 54 ಲೀಟರ್. ನೀರೇ 54 ಕಿಲೋ, ಗಾಜು, ಮಣ್ಣು, ಕಲ್ಲು ಸೇರಿದರೆ ಒಬ್ಬ ದೊಡ್ಡ ಮನುಷ್ಯನ ತೂಕ. ಹಾಗಾಗಿ ಷೋಕೇಸಿನ ತೆಳು ಹಲಗೆಯ ಮೇಲೆ ಇಡಬೇಡಿ. ಅಲುಗಾಡದ ಮೇಜು ಅಥವಾ ಕಡಪ ಕಲ್ಲಿನ ಕಟ್ಟೆ ಇರಲಿ, ಗಾಜಿನ ಕೆಳಗೆ ಒಂದು ಥರ್ಮಾಕೋಲ್ ಹಾಳೆ ಹಾಸಿ. ನೇರ ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ಮೊದಲು ಜಾಗ ಆರಿಸಿ, ಆಮೇಲೆ ನೀರು ತುಂಬಿ. ತುಂಬಿದ ತೊಟ್ಟಿಯನ್ನು ಎತ್ತಲು ಹೋದರೆ ಗಾಜು ಬಿರಿಯುತ್ತದೆ.

ಮಣ್ಣು, ಜಲ್ಲಿ, ಗಿಡ

ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಗಿಡದ ಅಕ್ವೇರಿಯಂ ಕುರಿತು ಬರೆದ ಪುಸ್ತಕದಿಂದ ಜನಪ್ರಿಯವಾದ ಒಂದು ವಿಧಾನವಿದೆ. ತಳದಲ್ಲಿ ಸುಮಾರು ಒಂದು ಇಂಚು ಸಾಧಾರಣ ಮಣ್ಣು, ಅದರ ಮೇಲೆ ಅಷ್ಟೇ ದಪ್ಪಕ್ಕೆ ಮರಳು ಅಥವಾ ಸಣ್ಣ ಜಲ್ಲಿ. ದುಬಾರಿ ಅಕ್ವಾ ಸಾಯಿಲ್ ಚೀಲ ಕೊಳ್ಳದೆಯೂ ಗಿಡ ಬೆಳೆಯಲು ಇದು ಸಾಕು. ಮಣ್ಣಿಗೆ ರಾಸಾಯನಿಕ ಗೊಬ್ಬರ, ಸಗಣಿ ಗೊಬ್ಬರ, ಬೇವಿನ ಹಿಂಡಿ ಬೆರೆತಿರಬಾರದು. ನರ್ಸರಿಯ ಕುಂಡದ ಮಣ್ಣಿನಲ್ಲಿ ಸಾಮಾನ್ಯವಾಗಿ ಇವೆಲ್ಲ ಇರುತ್ತವೆ, ಅದನ್ನು ಹಾಕಿದರೆ ಅಮೋನಿಯಾವನ್ನು ನಾವೇ ಸುರಿದಂತೆ. ಜರಡಿ ಹಿಡಿದ, ಏನೂ ಬೆರೆಸದ ತೋಟದ ಮಣ್ಣು ಒಳ್ಳೆಯದು.

ಜಲ್ಲಿಯಲ್ಲಿ ಒಂದು ಮೋಸ ಇದೆ. ಬಿಳಿ ಅಮೃತಶಿಲೆಯ ಚೂರು, ಕಪ್ಪೆಚಿಪ್ಪು, ಹವಳ ಇವುಗಳಿಂದ ಸುಣ್ಣ ನಿಧಾನವಾಗಿ ಕರಗಿ ನೀರು ಗಡುಸಾಗುತ್ತದೆ. ಅಂಗಡಿಯಿಂದ ತಂದ ಕಲ್ಲಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಅದು ಷೋಕೇಸಿಗೆ ಇರಲಿ.

ಗಿಡಗಳಲ್ಲಿ ಮೊದಲ ಆಯ್ಕೆ ಬೇಗ ಬೆಳೆಯುವಂಥವು: ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್. ಮೂರೂ ನಮ್ಮ ದೇಶದ ಕೆರೆಗಳಲ್ಲೂ ಬೆಳೆಯುವ ಸಸ್ಯಗಳೇ. ಹಾಗೆಂದು ಕೆರೆಯಿಂದ ನೇರ ಕಿತ್ತು ತರಬೇಡಿ. ಜೊತೆಗೆ ಜಿಗಣೆ ಬರುತ್ತದೆ, ಚಿಕ್ಕ ಮೀನನ್ನು ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಹುಳು ಬರುತ್ತದೆ. ಈಗಾಗಲೇ ತೊಟ್ಟಿ ಇರುವ ಸ್ನೇಹಿತರು ಕತ್ತರಿಸಿ ಎಸೆಯುವ ಗಿಡವೇ ಸಾಕಷ್ಟಿರುತ್ತದೆ, ಕೇಳಿ ನೋಡಿ. ಕ್ರಿಪ್ಟೋಕೋರಿನ್ ಇನ್ನೊಂದು ಒಳ್ಳೆಯ ಗಿಡ, ಅದರ ಕೆಲವು ಜಾತಿಗಳು ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಹುಟ್ಟುತ್ತವೆ. ನೆಟ್ಟ ಒಂದೆರಡು ವಾರದಲ್ಲಿ ಅದರ ಎಲೆಯೆಲ್ಲ ಕರಗಿದಂತಾಗಬಹುದು. ಬೇರು ಬದುಕಿರುತ್ತದೆ, ಕೀಳಬೇಡಿ, ಹೊಸ ಎಲೆ ಬರುತ್ತದೆ. ಅನೂಬಿಯಾಸ್ ಮತ್ತು ಜಾವಾ ಫರ್ನ್ ಗಿಡಗಳ ಗೆಡ್ಡೆಯನ್ನು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ, ಮರದ ತುಂಡಿಗೋ ಕಲ್ಲಿಗೋ ದಾರದಿಂದ ಕಟ್ಟಿ.

ಕೆಲವು ಅಂಗಡಿಗಳಲ್ಲಿ ಲಕ್ಕಿ ಬ್ಯಾಂಬೂ, ಬಣ್ಣದ ಎಲೆಯ ಡ್ರಸೀನಾ ಇವನ್ನೂ ಅಕ್ವೇರಿಯಂ ಗಿಡ ಎಂದು ಕೊಡುತ್ತಾರೆ. ಇವು ನೆಲದ ಗಿಡಗಳು, ಪೂರ್ತಿ ಮುಳುಗಿಸಿದರೆ ಕೊಳೆಯುತ್ತವೆ. ಮನೆಯಲ್ಲಿ ಮನಿ ಪ್ಲಾಂಟ್ ಇದ್ದರೆ ಅದರ ಬೇರು ಮಾತ್ರ ನೀರಿನಲ್ಲಿರುವಂತೆ, ಎಲೆ ಹೊರಗಿರುವಂತೆ ಅಂಚಿಗೆ ಸಿಕ್ಕಿಸಿ. ಹಣ ತರುವ ವಿಷಯ ನಾವು ಹೇಳಲಾರೆವು, ನೈಟ್ರೇಟ್ ಹೀರುವುದಂತೂ ಖಚಿತ.

ಬೆಳಕಿಗೆ ಈ ಅಳತೆಯ ತೊಟ್ಟಿಗೆ ಸುಮಾರು 10ರಿಂದ 15 ವ್ಯಾಟ್‌ನ ಬಿಳಿ ಎಲ್‌ಇಡಿ ಸಾಕು, ದಿನಕ್ಕೆ ಆರರಿಂದ ಎಂಟು ಗಂಟೆ. ಇನ್ನೂ ಹೆಚ್ಚು ಹೊತ್ತು ಉರಿಸಿದರೆ ಗಿಡಕ್ಕಿಂತ ಪಾಚಿ ಬೆಳೆಯುತ್ತದೆ. ಮೇಲೆ ಹೇಳಿದ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕಿಲ್ಲ. ಏರ್ ಪಂಪ್‌ನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಅಗ್ಗವೂ ಹೌದು, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಮನೆಯೂ ಹೌದು.

ಯಾವ ನೀರು? ಆರ್‌ಒ ನೀರೇ ಶ್ರೇಷ್ಠವೇ?

ಕುಡಿಯಲು ಒಳ್ಳೆಯದಾದ ಆರ್‌ಒ ನೀರು ಮೀನಿಗೂ ಒಳ್ಳೆಯದು ಎಂಬುದು ಸಹಜವಾದ ಊಹೆ, ಆದರೆ ಸರಿಯಲ್ಲ. ಆರ್‌ಒ ಯಂತ್ರ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಲವಣಗಳನ್ನೂ ಬಹುಪಾಲು ತೆಗೆದುಬಿಡುತ್ತದೆ. ಮೀನಿಗೂ ಗಿಡಕ್ಕೂ ಅವು ಬೇಕು. ಜೊತೆಗೆ ಅಂತಹ ನೀರಿನಲ್ಲಿ ಪಿಎಚ್ ಸ್ಥಿರವಾಗಿ ನಿಲ್ಲುವುದಿಲ್ಲ.

ಬೆಂಗಳೂರಿನಂತಹ ಊರುಗಳಲ್ಲಿ ಎರಡು ಬಗೆಯ ನೀರು ಬರುತ್ತದೆ. ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಬಹುದು. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಚಿಂತೆ ಇಲ್ಲ, ಗಡಸುತನದ ಚಿಂತೆ ಇದೆ. ನಲ್ಲಿಯ ಬಾಯಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ ನಿಮ್ಮದು ಗಡಸು ನೀರು.

ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ. ಇದು ಅಮೋನಿಯಾ ಲೆಕ್ಕದಲ್ಲಿ ಮುಖ್ಯ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಬಹಳ ವಿಷ, ಇನ್ನೊಂದು ಅಷ್ಟೇನೂ ಅಲ್ಲ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ವಿಷರೂಪದ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ. ಪಿಎಚ್ 8 ಆದರೆ ಅದು ಶೇಕಡಾ 5 ದಾಟುತ್ತದೆ. ಅಷ್ಟೇ ಮೀನು, ಅಷ್ಟೇ ಆಹಾರ, ಆದರೆ ವಿಷ ಸುಮಾರು ಒಂಬತ್ತು ಪಟ್ಟು. ಪಕ್ಕದ ಬಡಾವಣೆಯವರ ಮೀನು ಬದುಕಿದೆ, ನಮ್ಮದು ಏಕೆ ಸತ್ತಿತು ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲಿದೆ.

ಬೋರ್‌ವೆಲ್ ನೀರಿನ ಪಿಎಚ್ ಇಳಿಸಲು ಔಷಧಿ ಹಾಕುವ ಬದಲು ಆ ನೀರಿಗೆ ಒಗ್ಗುವ ಮೀನನ್ನು ಸಾಕುವುದು ಜಾಣತನ. ತೀರಾ ಗಡುಸಾಗಿದ್ದರೆ ಅರ್ಧ ಆರ್‌ಒ ನೀರು ಬೆರೆಸಬಹುದು.

ಹೆಪ್ಪು ಹಾಕಿ ಕಾಯಿರಿ

ಗಿಡ ನೆಟ್ಟಾಯಿತು, ನೀರು ತುಂಬಿತು, ಫಿಲ್ಟರ್ ಓಡುತ್ತಿದೆ. ಈಗ ಮೀನು ತರಬೇಡಿ. ಎರಡು ದಿನಕ್ಕೊಮ್ಮೆ ಒಂದು ಚಿಟಿಕೆ ಮೀನಿನ ಆಹಾರ ಮಾತ್ರ ಹಾಕುತ್ತಿರಿ. ಅದು ಕೊಳೆತು ಅಮೋನಿಯಾ ಆಗುತ್ತದೆ, ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಬೇಗ ಆಗಬೇಕೆಂದರೆ ಹಾಲಿಗೆ ಹೆಪ್ಪು ಹಾಕುವ ಉಪಾಯವೇ ಇಲ್ಲಿಯೂ ನಡೆಯುತ್ತದೆ. ರೋಗವಿಲ್ಲದ ಹಳೆಯ ತೊಟ್ಟಿ ಇರುವವರ ಬಳಿ ಬಳಸಿದ ಸ್ಪಾಂಜಿನ ಒಂದು ತುಂಡು ಅಥವಾ ಒಂದು ಹಿಡಿ ಜಲ್ಲಿ ಕೇಳಿ ತಂದು, ಒಣಗುವ ಮೊದಲು ನಿಮ್ಮ ತೊಟ್ಟಿಗೆ ಹಾಕಿ. ಹಳೆಯ ನೀರು ತಂದು ಸುರಿದರೆ ಪ್ರಯೋಜನ ಕಡಿಮೆ, ಬ್ಯಾಕ್ಟೀರಿಯಾ ಅಂಟಿಕೊಂಡು ಬದುಕುವ ಜೀವಿ.

ಮುಗಿದದ್ದು ಗೊತ್ತಾಗುವುದು ಪರೀಕ್ಷೆಯಿಂದ ಮಾತ್ರ. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ ಮತ್ತು ನೈಟ್ರೈಟ್ ಕಿಟ್‌ಗಳು ಸಿಗುತ್ತವೆ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆ ತೋರಿಸುತ್ತಿದ್ದರೆ ತೊಟ್ಟಿ ಹದಕ್ಕೆ ಬಂದಿದೆ. ಖರ್ಚು ಮಾಡುವುದಾದರೆ ಎಲ್‌ಇಡಿ ಬಣ್ಣಗಳಿಗಿಂತ ಮೊದಲು ಈ ಕಿಟ್‌ಗೆ ಮಾಡಿ.

ಕಾಯುವ ಈ ವಾರಗಳಲ್ಲಿ ಒಂದು ಎಚ್ಚರಿಕೆ: ಮೀನಿಲ್ಲದ ತೊಟ್ಟಿ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಿದ್ಧ ಮನೆ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಸೊಳ್ಳೆ ನುಗ್ಗದಂತೆ ಗಾಜು ಅಥವಾ ಬಲೆಯಿಂದ ಮುಚ್ಚಿ, ಫಿಲ್ಟರ್ ನಿಲ್ಲಿಸಬೇಡಿ.

ಈಗಾಗಲೇ ಮೀನು ತಂದುಬಿಟ್ಟಿದ್ದೀರಿ, ಸಾಯಲು ಶುರುವಾಗಿವೆ ಎಂದರೆ? ಆಹಾರವನ್ನು ಎರಡು ದಿನಕ್ಕೊಮ್ಮೆ ಒಂದು ಚಿಟಿಕೆಗೆ ಇಳಿಸಿ. ದಿನಾ ನಾಲ್ಕನೇ ಒಂದು ಭಾಗ ನೀರು ಬದಲಿಸಿ. ಹಾರ್ನ್‌ವರ್ಟ್‌ನಂತಹ ಗಿಡ ಸಾಧ್ಯವಾದಷ್ಟು ಹಾಕಿ. ಹೊಸ ಮೀನು ಬೇಡ. ನೀಲಿ ಔಷಧಿಯ ಬಾಟಲಿಯೂ ಬೇಡ, ಅಮೋನಿಯಾಕ್ಕೆ ಅದು ಮದ್ದಲ್ಲ, ಮೇಲಾಗಿ ಫಿಲ್ಟರ್‌ನ ಬ್ಯಾಕ್ಟೀರಿಯಾಗಳಿಗೂ ಗಿಡಗಳಿಗೂ ಅದರಿಂದ ಹಾನಿ.

ಯಾವ ಮೀನು, ಎಷ್ಟು?

54 ಲೀಟರ್‌ಗೆ ಆರೇಳು ಜೀಬ್ರಾ ಮೀನು, ಅಥವಾ ಐದಾರು ಗಂಡು ಗಪ್ಪಿ, ಅಥವಾ ಒಂದೇ ಒಂದು ಫೈಟರ್. ಅಥವಾ ಎಂಬುದನ್ನು ದಯವಿಟ್ಟು ಮತ್ತು ಎಂದು ಓದಬೇಡಿ. ಅದೂ ಒಂದೇ ದಿನ ಎಲ್ಲ ಅಲ್ಲ, ಮೊದಲು ಎರಡು ಮೂರು, ಎರಡು ವಾರದ ನಂತರ ಉಳಿದವು.

ಜೀಬ್ರಾ ಮೀನು ನಮ್ಮ ಉಪಖಂಡದ್ದೇ, ಹಳ್ಳ-ಗದ್ದೆಗಳ ಮೀನು. ಜಗತ್ತಿನ ಪ್ರಯೋಗಾಲಯಗಳಲ್ಲಿ ವಂಶವಾಹಿ ಸಂಶೋಧನೆಗೆ ಬಳಸುವುದೂ ಇದನ್ನೇ. ಬೆಂಗಳೂರು, ಮೈಸೂರಿನ ಚಳಿಗೆ ಇದಕ್ಕೆ ಹೀಟರ್ ಬೇಕಾಗುವುದಿಲ್ಲ. ಗಪ್ಪಿಗೆ ಗಡಸು ನೀರು ಇಷ್ಟ, ಹಾಗಾಗಿ ಬೋರ್‌ವೆಲ್ ಮನೆಗಳಿಗೆ ಹೇಳಿಮಾಡಿಸಿದಂತಿದೆ. ಸೊಳ್ಳೆಯ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ-ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಇದೂ ಒಂದು. ಗಂಡು ಹೆಣ್ಣು ಎರಡನ್ನೂ ಬಿಟ್ಟರೆ ಮರಿಗಳ ಲೆಕ್ಕ ಕೈಮೀರುತ್ತದೆ. ಫೈಟರ್ ಗಾಳಿಯಿಂದಲೂ ಉಸಿರಾಡಬಲ್ಲದು, ಹಾಗಾಗಿ ಅದನ್ನು ಗಾಜಿನ ಲೋಟದಲ್ಲಿ ಮಾರುತ್ತಾರೆ. ಉಸಿರಾಟ ಗಾಳಿಯಿಂದ ನಡೆದರೂ ಅಮೋನಿಯಾ ಅದಕ್ಕೂ ವಿಷವೇ.

ನಿಯಾನ್ ಟೆಟ್ರಾ ಅಮೆಜಾನಿನ ಮೆದು ನೀರಿನ ಮೀನು, ಗಡಸು ನೀರಿನವರಿಗೆ ಬೇಡ. ಗೋಲ್ಡ್ ಫಿಶ್ ಈ ಅಳತೆಗೆ ಸಲ್ಲುವುದೇ ಇಲ್ಲ. ಚೆನ್ನಾಗಿ ಸಾಕಿದರೆ ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಮೀರಿ ಬದುಕುವ ಮೀನದು, ಮೇಲಾಗಿ ಗಿಡಗಳನ್ನು ತಿಂದುಹಾಕುತ್ತದೆ. ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಉಳಿಯುತ್ತದೆ ಎನ್ನುತ್ತಾರಲ್ಲ, ಅದು ಕೆಟ್ಟ ನೀರಿನಿಂದ ಕುಂಠಿತವಾದ ಬೆಳವಣಿಗೆ, ಹೊಂದಾಣಿಕೆಯಲ್ಲ. ಮಿಸ್ ಕೇರಳ ಎಂಬ ಕೆಂಪು ಗೆರೆಯ ಸುಂದರಿ ಕೇರಳ-ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಿಗೆ ಮಾತ್ರ ಸೇರಿದ್ದು. ಸುಮಾರು 15 ಸೆಂಟಿಮೀಟರ್ ಬೆಳೆಯುತ್ತದೆ. ಅಕ್ವೇರಿಯಂ ವ್ಯಾಪಾರಕ್ಕೆ ವಿಪರೀತ ಹಿಡಿದದ್ದೂ ಸೇರಿ ಹಲವು ಕಾರಣಗಳಿಂದ ಅಳಿವಿನ ಅಂಚಿಗೆ ಬಂದಿದೆ. ಅದು ಹೊಳೆಯಲ್ಲೇ ಇರಲಿ.

ಆಹಾರ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಮೀನು ಗಾಜಿನ ಬಳಿ ಬಂದು ಬೇಡುತ್ತದೆ ಎಂದು ಮತ್ತೆ ಮತ್ತೆ ಹಾಕಬೇಡಿ. ಮೂರು ಸೆಕೆಂಡಿನ ನೆನಪು ಎಂಬುದು ಬರೀ ಕಟ್ಟುಕತೆ, ಯಾರು ಬಂದರೆ ಊಟ ಸಿಗುತ್ತದೆ ಎಂಬುದನ್ನು ಅವು ಬೇಗ ಕಲಿಯುತ್ತವೆ.

ಕರೆಂಟು, ಬೇಸಿಗೆ, ಕೈಗೆ ಗಾಯ

ತೊಟ್ಟಿಯ ವೈರಿನ ಮೇಲೆ ಜಾರಿ ಬರುವ ಹನಿ ನೇರವಾಗಿ ಸಾಕೆಟ್‌ಗೆ ಹೋಗಬಾರದು. ವೈರು ಸಾಕೆಟ್‌ಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಿ ಪ್ಲಗ್ ಸೇರುವಂತಿರಲಿ, ಆಗ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತುಬಿಡಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಅಕ್ವೇರಿಯಂ ನೀರಿನಲ್ಲಿರುವ ಒಂದು ಬಗೆಯ ಮೈಕೋಬ್ಯಾಕ್ಟೀರಿಯಾ ಗಾಯದ ಮೂಲಕ ಸೇರಿ ಚರ್ಮದ ಮೇಲೆ ವಾರಗಟ್ಟಲೆ ಮಾಯದ ಗಂಟು ಎಬ್ಬಿಸುವುದುಂಟು. ಹಾಗಾದರೆ ವೈದ್ಯರಿಗೆ ತೋರಿಸುವಾಗ ಮನೆಯಲ್ಲಿ ಅಕ್ವೇರಿಯಂ ಇದೆ ಎಂದು ತಪ್ಪದೆ ಹೇಳಿ. ಪೈಪಿನ ತುದಿಗೆ ಬಾಯಿ ಹಾಕಿ ನೀರು ಎಳೆಯುವ ಅಭ್ಯಾಸವನ್ನೂ ಬಿಡಿ.

ಕರೆಂಟು ಒಂದೆರಡು ಗಂಟೆ ಹೋದರೆ ಕಡಿಮೆ ಮೀನಿನ, ಗಿಡದ ತೊಟ್ಟಿಗೆ ಏನೂ ಆಗದು. ದಿನವಿಡೀ ಹೋಗುವ ಊರಾದರೆ ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ, ಅಥವಾ ಇನ್ವರ್ಟರ್‌ಗೆ ಜೋಡಿಸಿ, ಅದು ಎಳೆಯುವುದು ಕೆಲವೇ ವ್ಯಾಟ್. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಚಿಂತೆ ಬೇರೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಮುಚ್ಚಳ ತೆಗೆದು ಬಲೆ ಹಾಕಿ, ನೀರಿನ ಮೇಲೆ ಗಾಳಿ ಬೀಸುವಂತೆ ಟೇಬಲ್ ಫ್ಯಾನ್ ಇಟ್ಟರೆ ಆವಿಯಾಗುವಿಕೆಯಿಂದಲೇ ಒಂದೆರಡು ಡಿಗ್ರಿ ಇಳಿಯುತ್ತದೆ. ಮಡಕೆಯ ನೀರು ತಣ್ಣಗಾಗುವುದೂ ಹೀಗೆಯೇ.

ಸಾಕಾಯಿತು ಎಂದರೆ ಕೆರೆಗೆ ಬಿಡಬಹುದೇ?

ಬಿಡಬೇಡಿ. ಪುಣ್ಯ ಬರುತ್ತದೆ ಎಂದು ಹೇಳುವ ಫಾರ್ವರ್ಡ್ ಬಂದರೂ ಬಿಡಬೇಡಿ. ಪಾಚಿ ತಿನ್ನುತ್ತದೆ ಎಂದು ಅಂಗಡಿಯಲ್ಲಿ ಕೊಡುವ ಬೆರಳುದ್ದದ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು. ಒಂದು ಅಡಿ ದಾಟಿ ಬೆಳೆಯುತ್ತದೆ, ತೊಟ್ಟಿಯಲ್ಲಿ ಹಿಡಿಸದಾದಾಗ ಜನ ಕೆರೆಗೆ ಸುರಿಯುತ್ತಾರೆ. ದಕ್ಷಿಣ ಭಾರತದ ಹಲವು ಕೆರೆ-ನದಿಗಳಲ್ಲಿ ಅದು ಈಗ ಬೇರೂರಿದೆ. ಮೈಮೇಲೆ ಕವಚದಂತಹ ಗಟ್ಟಿ ಫಲಕಗಳಿರುವುದರಿಂದ ಅದನ್ನು ತಿನ್ನುವ ಪ್ರಾಣಿಗಳು ಕಡಿಮೆ. ಬಲೆಗೆ ಬಿದ್ದರೆ ಮೀನುಗಾರರ ಬಲೆ ಹರಿಯುತ್ತದೆ, ಮಾರಿದರೆ ಕಾಸು ಹುಟ್ಟುವುದಿಲ್ಲ.

ಮೀನು ಬೇಡವಾದರೆ ತಂದ ಅಂಗಡಿಗೇ ಕೊಡಿ, ಹೆಚ್ಚಿನವರು ದುಡ್ಡಿಲ್ಲದೆ ವಾಪಸು ತೆಗೆದುಕೊಳ್ಳುತ್ತಾರೆ. ಅಥವಾ ದೊಡ್ಡ ತೊಟ್ಟಿ ಇರುವ ಇನ್ನೊಬ್ಬರನ್ನು ಹುಡುಕಿ. ಕತ್ತರಿಸಿದ ಗಿಡಗಳನ್ನು ಮೋರಿಗೆ ಎಸೆಯದೆ ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಸತ್ತ ಮೀನನ್ನೂ ಕೆರೆಗೆ ಎಸೆಯಬೇಡಿ, ಕಮೋಡಿಗೂ ಹಾಕಬೇಡಿ. ಕುಂಡದ ಮಣ್ಣಿನಲ್ಲಿ ಆಳವಾಗಿ ಹೂತುಬಿಡಿ, ಆಮೇಲೆ ತೊಟ್ಟಿಯ ನೀರನ್ನು ಒಮ್ಮೆ ಕಿಟ್‌ನಿಂದ ಪರೀಕ್ಷಿಸಿ ನೋಡಿ.